ಒಂದೇ ಲಾಗಿನ್ ನಾಲ್ಕು ಮಂದಿ ಬಳಸಿದರೆ ಏನು ತೊಂದರೆ? ಹೊಸ ಯೂಸರ್ ಖಾತೆ ತೆರೆಯುವುದರ ಹಿಂದಿನ ಲೆಕ್ಕಾಚಾರ

"ನನ್ನ ಐಡಿಯಲ್ಲೇ ಮಾಡಿಬಿಡಿ, ಪಾಸ್‌ವರ್ಡ್ ಮಾನಿಟರ್ ಕೆಳಗೆ ಚೀಟಿ ಅಂಟಿಸಿದ್ದೀನಿ ನೋಡಿ." ಕಚೇರಿ, ಸಹಕಾರ ಸಂಘ, ಶಾಲೆ, ಆಸ್ಪತ್ರೆ, ಸೈಬರ್ ಸೆಂಟರ್ ಹೀಗೆ ಎಲ್ಲಿ ಒಂದು ಕಂಪ್ಯೂಟರ್‌ಗೆ ಹಲವು ಕೈಗಳಿವೆಯೋ ಅಲ್ಲೆಲ್ಲ ಈ ಮಾತು ಕೇಳಿಬರುತ್ತದೆ. ಹೊಸಬರು ಕೆಲಸಕ್ಕೆ ಬಂದಾಗ ಅವರ ಹೆಸರಿನಲ್ಲಿ ಖಾತೆ ತೆರೆಯುವುದು ತಲೆನೋವು, ಇರುವ ಖಾತೆಯನ್ನೇ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ ಎಂಬ ಭಾವನೆ ಇದರ ಹಿಂದಿದೆ. ಇದರ ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಒಂದಷ್ಟು ತಪ್ಪು ತಿಳಿವಳಿಕೆಗಳೂ ಇವೆ: ಅಡ್ಮಿನ್‌ಗೆ ಎಲ್ಲರ ಪಾಸ್‌ವರ್ಡ್ ಕಾಣುತ್ತದೆ, ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿದರೆ ಯಾರೂ ಕದಿಯಲಾರರು, ಕೆಲಸ ಬಿಟ್ಟವರ ಖಾತೆ ಹಾಗೇ ಇದ್ದರೂ ನಷ್ಟವಿಲ್ಲ, ಇತ್ಯಾದಿ.

ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಒಂದು ಕಂಪ್ಯೂಟರ್ ವ್ಯವಸ್ಥೆಗೆ ಹೊಸ ಬಳಕೆದಾರರನ್ನು ಸೇರಿಸಿದಾಗ ಒಳಗೆ ನಿಜವಾಗಿ ಏನು ನಡೆಯುತ್ತದೆ? ಇದರಿಂದ ಭರಮಸಾಗರದ ಒಬ್ಬ ರೈತನ ಪಹಣಿಗೆ ಏನು ಸಂಬಂಧ? ಒಂದೊಂದಾಗಿ ನೋಡೋಣ.

ಇದು ಹೋಬಳಿ ಮಟ್ಟದ ವಿಷಯವೂ ಹೌದು

ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ ಭರಮಸಾಗರ. ಚಿತ್ರದುರ್ಗ ಮತ್ತು ದಾವಣಗೆರೆ ನಡುವೆ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಊರು. ಇಂಥ ಯಾವುದೇ ಹೋಬಳಿ ಕೇಂದ್ರದಲ್ಲಿ ಒಂದು ದಿನ ಏನೇನು ಕಂಪ್ಯೂಟರ್ ಮೂಲಕ ನಡೆಯುತ್ತದೆ ಎಂದು ಎಣಿಸಿ ನೋಡಿ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣ ಪತ್ರ ಮತ್ತು ಪಿಂಚಣಿ ಅರ್ಜಿ. ಪಂಚಾಯಿತಿಯಲ್ಲಿ ಮನೆ ತೆರಿಗೆ ಮತ್ತು ಉದ್ಯೋಗ ಖಾತ್ರಿ ಲೆಕ್ಕ. ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜದ ನೋಂದಣಿ. ಬ್ಯಾಂಕಿನಲ್ಲಿ ಬೆಳೆ ಸಾಲ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು. ಈ ಎಲ್ಲ ಕಡೆ ಕುಳಿತವರ ಮುಂದಿರುವುದು ಒಂದೊಂದು ಪರದೆ ಮಾತ್ರ. ಅದರ ಹಿಂದಿರುವುದು ಸಾವಿರಾರು ಜನ ಒಟ್ಟಿಗೆ ಬಳಸುವ ದೊಡ್ಡ ವ್ಯವಸ್ಥೆ.

ಇಂಥ ವ್ಯವಸ್ಥೆಯನ್ನು ಬಹುಬಳಕೆದಾರ ವ್ಯವಸ್ಥೆ ಎನ್ನುತ್ತಾರೆ. ಅರ್ಥ ಮಾಡಿಕೊಳ್ಳಲು ಕೆರೆಯ ಉದಾಹರಣೆ ಸಾಕು. ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರು ಹೊತ್ತಿರುವ ಈ ಊರಿನವರಿಗೆ ಕೆರೆಯ ವ್ಯವಹಾರ ಹೊಸದಲ್ಲ. ಕೆರೆ ಒಂದೇ, ಅಚ್ಚುಕಟ್ಟಿನ ರೈತರು ಹಲವರು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಇರುತ್ತದೆ. ತೂಬು ಎತ್ತುವ ಅಧಿಕಾರ ಊರಿನ ಎಲ್ಲರಿಗೂ ಇರುವುದಿಲ್ಲ, ಅದು ನೀರಗಂಟಿಯ ಕೆಲಸ. ಹೊಸದಾಗಿ ಒಬ್ಬರು ಅಚ್ಚುಕಟ್ಟಿಗೆ ಸೇರಿದರೆ ಅವರ ಹೆಸರು, ಅವರ ಪಾಲು, ಅವರ ಕಾಲುವೆ ಮೂರನ್ನೂ ಗುರುತಿಸಬೇಕು. ಕಂಪ್ಯೂಟರ್‌ಗೆ ಹೊಸ ಬಳಕೆದಾರರನ್ನು ಸೇರಿಸುವುದೂ ಬಹುತೇಕ ಇಷ್ಟೇ.

ಪಾಸ್‌ವರ್ಡ್ ಹುಟ್ಟಿದ್ದು ಯಾಕೆ?

ಮೊದಮೊದಲು ಕಂಪ್ಯೂಟರ್ ಒಂದು ಹೊತ್ತಿಗೆ ಒಬ್ಬರ ಕೆಲಸವನ್ನಷ್ಟೇ ಮಾಡುತ್ತಿತ್ತು. ಉಳಿದವರು ಸರದಿಯಲ್ಲಿ ಕಾಯಬೇಕಿತ್ತು. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಅವರ ತಂಡ 1961ರಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ತೋರಿಸಿತು. ಒಂದೇ ಯಂತ್ರವನ್ನು ಹಲವರು ಬೇರೆ ಬೇರೆ ಟರ್ಮಿನಲ್‌ಗಳಿಂದ ಒಟ್ಟಿಗೆ ಬಳಸುವ ವ್ಯವಸ್ಥೆ ಅದು. ಹಲವರು ಬಂದ ಕೂಡಲೇ ಎರಡು ಪ್ರಶ್ನೆ ಎದ್ದವು. ಒಬ್ಬರ ಫೈಲು ಇನ್ನೊಬ್ಬರು ನೋಡದಂತೆ ಮಾಡುವುದು ಹೇಗೆ? ಯಾರು ಎಷ್ಟು ಸಮಯ ಬಳಸಿದರು ಎಂಬ ಲೆಕ್ಕ ಇಡುವುದು ಹೇಗೆ? ಎರಡಕ್ಕೂ ಸಿಕ್ಕ ಉತ್ತರ ಪ್ರತಿಯೊಬ್ಬರಿಗೂ ಒಂದು ಖಾತೆ, ಒಂದು ಪಾಸ್‌ವರ್ಡ್.

ಇದರ ದೌರ್ಬಲ್ಯವೂ ಬೇಗನೆ ಗೊತ್ತಾಯಿತು. ಆ್ಯಲನ್ ಶೆರ್ ಎಂಬ ಸಂಶೋಧಕರಿಗೆ ವಾರಕ್ಕೆ 4 ಗಂಟೆ ಮಾತ್ರ ಕಂಪ್ಯೂಟರ್ ಸಮಯ ಸಿಗುತ್ತಿತ್ತು. ಅದು ಸಾಲದೆ ಅವರು 1962ರಲ್ಲಿ ಪಾಸ್‌ವರ್ಡ್‌ಗಳಿದ್ದ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡು ಬೇರೆಯವರ ಖಾತೆಯಲ್ಲಿ ಕೆಲಸ ಮಾಡಿದರು. ಇದನ್ನು ಅವರೇ ಹಲವು ವರ್ಷಗಳ ನಂತರ ಹೇಳಿಕೊಂಡರು. 1966ರಲ್ಲಿ ಇನ್ನೊಂದು ಎಡವಟ್ಟಾಯಿತು. ದಿನದ ಸಂದೇಶದ ಫೈಲು ಮತ್ತು ಪಾಸ್‌ವರ್ಡ್ ಫೈಲು ಅದಲುಬದಲಾಗಿ, ಲಾಗಿನ್ ಆದ ಪ್ರತಿಯೊಬ್ಬರ ಮುಂದೆಯೂ ಎಲ್ಲರ ಪಾಸ್‌ವರ್ಡ್ ಪಟ್ಟಿ ಕಾಣಿಸಿಕೊಂಡಿತು.

ಈ ಎರಡು ಘಟನೆಗಳಿಗೂ ಮೂಲ ಒಂದೇ. ಪಾಸ್‌ವರ್ಡ್‌ಗಳನ್ನು ಓದಲು ಬರುವಂತೆ ಹಾಗೇ ಬರೆದಿಡಲಾಗಿತ್ತು. ಹಾಗಾದರೆ ಈಗ ಹೇಗೆ ಇಡುತ್ತಾರೆ? ಅದಕ್ಕೆ ಬರುವ ಮುನ್ನ ಖಾತೆ ಎಂದರೆ ಏನೆಂದು ನೋಡೋಣ.

ತಪ್ಪು ತಿಳಿವಳಿಕೆ 1: ಖಾತೆ ಎಂದರೆ ಹೆಸರು ಮತ್ತು ಪಾಸ್‌ವರ್ಡ್, ಅಷ್ಟೇ

ಅಷ್ಟೇ ಅಲ್ಲ. ಲಿನಕ್ಸ್ ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜಗತ್ತಿನ ಬಹುಪಾಲು ಸರ್ವರ್‌ಗಳು ಇದರ ಮೇಲೆ ನಡೆಯುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಮಕ್ಕಳು ಕಲಿಯುವುದೂ ಲಿನಕ್ಸ್‌ನಲ್ಲೇ. ಇದರಲ್ಲಿ ಅಡ್ಮಿನ್ ಒಂದು ಸಾಲಿನ ಆದೇಶ ಕೊಟ್ಟು ಹೊಸ ಬಳಕೆದಾರರನ್ನು ಸೇರಿಸಿದಾಗ ಒಳಗೆ ಹಲವು ಕೆಲಸಗಳು ಸಾಲಾಗಿ ನಡೆಯುತ್ತವೆ.

ಮೊದಲನೆಯದು, ಆ ಹೆಸರು ಈಗಾಗಲೇ ಇದೆಯೇ ಎಂಬ ಪರಿಶೀಲನೆ. ಒಂದೇ ಹೆಸರಿನ ಎರಡು ಖಾತೆ ಇರಕೂಡದು.

ಎರಡನೆಯದು, ಒಂದು ಸಂಖ್ಯೆ ಕೊಡುವುದು. ಕಂಪ್ಯೂಟರ್ ಒಳಗೆ ನಮ್ಮ ಗುರುತು ಹೆಸರಲ್ಲ, ಈ ಸಂಖ್ಯೆಯೇ. ಸಾಮಾನ್ಯ ಬಳಕೆದಾರರ ಸಂಖ್ಯೆ ಬಹುತೇಕ ಲಿನಕ್ಸ್‌ಗಳಲ್ಲಿ 1000ದಿಂದ ಶುರುವಾಗುತ್ತದೆ. 0 ಎಂಬ ಸಂಖ್ಯೆ 'ರೂಟ್' ಎಂಬ ಸರ್ವಾಧಿಕಾರಿ ಖಾತೆಗೆ ಮೀಸಲು. ಇವನೇ ನಮ್ಮ ನೀರಗಂಟಿ, ಎಲ್ಲ ತೂಬುಗಳ ಕೀಲಿ ಇವನ ಬಳಿ.

ಮೂರನೆಯದು, ಯಾವ ಗುಂಪಿಗೆ ಸೇರಿದವರು ಎಂದು ಗುರುತಿಸುವುದು. ಲೆಕ್ಕ ವಿಭಾಗದ ಗುಂಪಿಗೆ ಸೇರಿಸಿದರೆ ಆ ಗುಂಪಿನ ಫೈಲುಗಳು ತೆರೆಯುತ್ತವೆ. ಸೇರಿಸದಿದ್ದರೆ ಇಲ್ಲ.

ನಾಲ್ಕನೆಯದು, ಒಂದು ಮನೆ ಕೊಡುವುದು. ಪ್ರತಿ ಬಳಕೆದಾರರಿಗೂ ಸ್ವಂತ ಫೋಲ್ಡರ್ ಇರುತ್ತದೆ. ಅದಕ್ಕೆ ಹೆಸರೇ 'ಹೋಮ್'. ಹೊಸ ಮನೆಗೆ ಬೇಕಾದ ಆರಂಭಿಕ ಸಾಮಾನುಗಳನ್ನು ಒಂದು ಮಾದರಿ ಫೋಲ್ಡರ್‌ನಿಂದ ನಕಲು ಮಾಡಿ ಇಡಲಾಗುತ್ತದೆ.

ಐದನೆಯದು ಪಾಸ್‌ವರ್ಡ್. ಇದು ಬೇರೊಂದು ಬಿಗಿ ಫೈಲಿನಲ್ಲಿರುತ್ತದೆ. ಸಾಮಾನ್ಯ ಬಳಕೆದಾರರು ಆ ಫೈಲನ್ನು ತೆರೆದು ನೋಡುವಂತಿಲ್ಲ.

ಹಾಗಾಗಿ ಖಾತೆ ಎಂದರೆ ಒಂದು ಗುರುತು, ಒಂದು ಜಾಗ, ಒಂದಷ್ಟು ಅನುಮತಿ ಮತ್ತು ಇವುಗಳಿಗೆಲ್ಲ ಬೀಗ. ಪಾಸ್‌ವರ್ಡ್ ಎಂಬುದು ಕೊನೆಯ ಬೀಗ ಮಾತ್ರ. ಅದನ್ನು ಇನ್ನೊಬ್ಬರಿಗೆ ಕೊಟ್ಟಾಗ ಗುರುತು, ಜಾಗ, ಅನುಮತಿ ಮೂರನ್ನೂ ಒಟ್ಟಿಗೆ ಕೊಟ್ಟಂತೆ.

ತಪ್ಪು ತಿಳಿವಳಿಕೆ 2: ಅಡ್ಮಿನ್‌ಗೆ ಎಲ್ಲರ ಪಾಸ್‌ವರ್ಡ್ ಕಾಣುತ್ತದೆ

ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಕಾಣುವುದಿಲ್ಲ. ನಿಮ್ಮ ಪಾಸ್‌ವರ್ಡನ್ನು ಒಂದು ಗಣಿತದ ಗಿರಣಿಗೆ ಹಾಕಿ, ಬಂದ ಹಿಟ್ಟನ್ನಷ್ಟೇ ಇಡಲಾಗುತ್ತದೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ರಾಗಿ ಬೀಸಿದರೆ ಹಿಟ್ಟು ಸಿಗುತ್ತದೆ, ಹಿಟ್ಟಿನಿಂದ ರಾಗಿ ಕಾಳು ವಾಪಸ್ ಬರುವುದಿಲ್ಲ. ನೀವು ಮತ್ತೆ ಲಾಗಿನ್ ಆಗುವಾಗ ಟೈಪ್ ಮಾಡಿದ ಪಾಸ್‌ವರ್ಡನ್ನು ಅದೇ ಗಿರಣಿಗೆ ಹಾಕಿ, ಹೊಸ ಹಿಟ್ಟು ಹಳೆಯ ಹಿಟ್ಟಿಗೆ ಹೊಂದುತ್ತದೆಯೇ ಎಂದು ನೋಡುತ್ತಾರೆ.

ಇಲ್ಲಿ ಒಂದು ತೊಡಕಿದೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟರೆ ಇಬ್ಬರ ಹಿಟ್ಟೂ ಒಂದೇ ಥರ ಇರುತ್ತದೆ. ಕಳ್ಳನಿಗೆ ಒಬ್ಬರದು ಗೊತ್ತಾದರೆ ಇಬ್ಬರದೂ ಗೊತ್ತಾದಂತೆ. ಅದಕ್ಕೆ ಬೀಸುವ ಮೊದಲು ಪ್ರತಿಯೊಬ್ಬರ ಪಾಸ್‌ವರ್ಡ್‌ಗೂ ಬೇರೆ ಬೇರೆ ಅಂಕಿಗಳನ್ನು ಬೆರೆಸುತ್ತಾರೆ. ತಾಂತ್ರಿಕ ಭಾಷೆಯಲ್ಲೂ ಇದಕ್ಕೆ ಹೆಸರು 'ಉಪ್ಪು' ಎಂದೇ. ಯುನಿಕ್ಸ್ ರೂಪಿಸಿದ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಇದನ್ನು ವಿವರಿಸಿದರು. ಅದೇ ಲೇಖನದಲ್ಲಿ ಅವರು ಜನ ಬಳಸುತ್ತಿದ್ದ 3,289 ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಿದ್ದರು. ಶೇ 86ರಷ್ಟು ಸುಲಭವಾಗಿ ಊಹಿಸಬಹುದಾದವು ಎಂದು ಕಂಡುಬಂತು. ತೀರಾ ಚಿಕ್ಕವು, ನಿಘಂಟಿನ ಪದಗಳು, ಹೆಸರುಗಳು ಇವೇ ಹೆಚ್ಚಿದ್ದವು.

ಅಡ್ಮಿನ್‌ಗೆ ಪಾಸ್‌ವರ್ಡ್ ಕಾಣದಿದ್ದರೂ ಅದನ್ನು ಅಳಿಸಿ ಹೊಸದು ಹಾಕುವ ಅಧಿಕಾರ ಇರುತ್ತದೆ. ಸಾಮಾನ್ಯ ವ್ಯವಸ್ಥೆಗಳಲ್ಲಿ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡದಿದ್ದರೆ ಅವನ್ನು ನೋಡಲೂ ಸಾಧ್ಯ. ಆದ್ದರಿಂದ ಅಡ್ಮಿನ್ ಅಥವಾ ರೂಟ್ ಖಾತೆ ಯಾರ ಕೈಯಲ್ಲಿದೆ ಎಂಬುದು ಬಹಳ ಮುಖ್ಯ.

ನೆನಪಿಡಬೇಕಾದ ಒಂದು ಗುರುತು ಹೇಳುತ್ತೇವೆ. ಯಾವುದಾದರೂ ಜಾಲತಾಣದಲ್ಲಿ 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿದಾಗ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇಮೇಲ್ ಅಥವಾ ಎಸ್‌ಎಂಎಸ್‌ನಲ್ಲಿ ಕಳಿಸಿದರೆ, ಅವರು ಅದನ್ನು ಓದಲು ಬರುವಂತೆ ಇಟ್ಟಿದ್ದಾರೆ ಎಂದರ್ಥ. ಆ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ. ಸರಿಯಾದ ಜಾಲತಾಣ ಹೊಸದನ್ನು ಹಾಕಿಕೊಳ್ಳಲು ಲಿಂಕ್ ಅಥವಾ ಓಟಿಪಿ ಕೊಡುತ್ತದೆ, ಹಳೆಯದನ್ನು ಹೇಳಲು ಅದಕ್ಕೇ ಗೊತ್ತಿರುವುದಿಲ್ಲ.

ತಪ್ಪು ತಿಳಿವಳಿಕೆ 3: ನಂಬಿಕಸ್ಥರಿಗೆ ಪಾಸ್‌ವರ್ಡ್ ಕೊಟ್ಟರೆ ತಪ್ಪೇನು?

ಈ ಲೇಖನದ ಮುಖ್ಯ ಪ್ರಶ್ನೆ ಇದೇ. ಉತ್ತರಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆ ಇದೆ, ಅದು ಭೂಮಿ ಯೋಜನೆ.

ಹಿಂದೆ ಪಹಣಿ ಎಂದರೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕ. ಪುಸ್ತಕ ಅವರ ಬಳಿಯೇ ಇರುತ್ತಿತ್ತು. ಹೆಸರು ತಿದ್ದಿದರೆ ಯಾರು, ಯಾವಾಗ, ಯಾಕೆ ತಿದ್ದಿದರು ಎಂದು ಹೊರಗಿನವರಿಗೆ ಗೊತ್ತಾಗುವ ದಾರಿ ಕಷ್ಟವಿತ್ತು. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದ ನೆರವಿನಿಂದ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರ್‌ಗೆ ಏರಿಸಿತು. ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ಬಂದವು.

ಪುಸ್ತಕದಿಂದ ಕಂಪ್ಯೂಟರ್‌ಗೆ ಬಂದ ಮಾತ್ರಕ್ಕೆ ಮೋಸ ನಿಲ್ಲುವುದಿಲ್ಲ. ಪಾಸ್‌ವರ್ಡ್ ಹಂಚಿಕೊಂಡರೆ ಕಥೆ ಮೊದಲಿನಂತೆಯೇ. ಆದ್ದರಿಂದ ಭೂಮಿಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗುವ ವ್ಯವಸ್ಥೆ ಮಾಡಲಾಯಿತು. ಬಯೋಮೆಟ್ರಿಕ್ ಎಂಬ ಪದವೇ ಹೊಸದಾಗಿದ್ದ ಕಾಲ ಅದು. ಯಾರು ಯಾವ ದಾಖಲೆ ಮುಟ್ಟಿದರು ಎಂಬುದು ಅವರ ಹೆಸರಿನಲ್ಲೇ ದಾಖಲಾಗಬೇಕು, ನಂತರ 'ಅದು ನಾನಲ್ಲ' ಎಂದು ಜಾರಿಕೊಳ್ಳಲು ಆಗಬಾರದು ಎಂಬುದು ಉದ್ದೇಶ.

ಪ್ರತಿ ಗಂಭೀರ ವ್ಯವಸ್ಥೆಯೂ ಒಂದು ದಿನಚರಿ ಬರೆಯುತ್ತಿರುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಇಂಥ ದಿನ, ಇಂಥ ಹೊತ್ತು, ಇಂಥ ಖಾತೆಯಿಂದ, ಇಂಥ ದಾಖಲೆ ಬದಲಾಯಿತು ಎಂಬ ಒಂದೊಂದು ಸಾಲು. ಭರಮಸಾಗರದ ಒಬ್ಬ ರೈತ ತನ್ನ ಪಹಣಿಯಲ್ಲಿ ಹೆಸರು ಬದಲಾದದ್ದನ್ನು ಕಂಡು ದೂರು ಕೊಟ್ಟ ಎಂದುಕೊಳ್ಳಿ. ತನಿಖೆ ಶುರುವಾಗುವುದು ಈ ಸಾಲಿನಿಂದ. ಆ ಖಾತೆಯನ್ನು ಒಬ್ಬರೇ ಬಳಸುತ್ತಿದ್ದರೆ ಉತ್ತರ ಅಲ್ಲೇ ಸಿಗುತ್ತದೆ. ನಾಲ್ಕು ಮಂದಿ ಬಳಸುತ್ತಿದ್ದರೆ ಲಾಗ್ ಒಬ್ಬರ ಹೆಸರು ಹೇಳುತ್ತದೆ, ಆದರೆ ಅದು ನಿಜ ಇರಬೇಕೆಂದಿಲ್ಲ.

ಇಲ್ಲಿ ಸೋಲುವವರು ಇಬ್ಬರು. ಮೊದಲನೆಯವರು ಆ ರೈತ. ಯಾರು ಬದಲಿಸಿದರು ಎಂದು ಸಾಬೀತು ಮಾಡಲಾಗದೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಎರಡನೆಯವರು ಪಾಸ್‌ವರ್ಡ್ ಕೊಟ್ಟ ಸಿಬ್ಬಂದಿ. ರಜೆಯಲ್ಲಿದ್ದ ದಿನವೂ ಅವರ ಹೆಸರಿನಲ್ಲಿ ಕೆಲಸ ನಡೆದಿರುತ್ತದೆ. ತಾವು ಮಾಡಿಲ್ಲ ಎನ್ನುವುದಕ್ಕೆ ಅವರ ಬಳಿ ಪುರಾವೆ ಇಲ್ಲ. ಸ್ವಂತ ಖಾತೆ ಎಂದರೆ ಮೇಲಿನವರು ಹಾಕಿದ ಬೇಲಿ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಪ್ರಾಮಾಣಿಕ ನೌಕರರಿಗೆ ಅದೇ ದೊಡ್ಡ ರಕ್ಷಣೆ. ನೋಂದಣಿ ಪುಸ್ತಕದಲ್ಲಿ ಇನ್ನೊಬ್ಬರು ನಮ್ಮ ಸಹಿ ಹಾಕಲು ಬಿಡುತ್ತೇವೆಯೇ? ಲಾಗಿನ್ ಕೂಡ ಸಹಿಯೇ.

ಕಾನೂನೂ ಇದನ್ನು ಹಾಗೆಯೇ ನೋಡುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 66ಸಿ ಪ್ರಕಾರ ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಎಲೆಕ್ಟ್ರಾನಿಕ್ ಸಹಿಯನ್ನು ಮೋಸದಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದರೆ 3 ವರ್ಷದವರೆಗೆ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡ. ಅದೇ ಕಾಯ್ದೆಯ ಸೆಕ್ಷನ್ 42, ಡಿಜಿಟಲ್ ಸಹಿಯ ಖಾಸಗಿ ಕೀಲಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವ ಹೊಣೆ ಸಹಿ ಪಡೆದವರದೇ ಎನ್ನುತ್ತದೆ. ಅಂದರೆ ಡಿಜಿಟಲ್ ಸಹಿಯ ಡಾಂಗಲ್ ಅನ್ನು ಕಂಪ್ಯೂಟರ್‌ಗೆ ಸದಾ ಸಿಕ್ಕಿಸಿಟ್ಟು ಊಟಕ್ಕೆ ಹೋಗುವುದು ಬರೀ ಅಶಿಸ್ತಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಕಂಪ್ಯೂಟರ್ ಲಾಗ್‌ಗಳನ್ನು 180 ದಿನ ಉಳಿಸಿಡಬೇಕು. ಲಾಗ್ ಉಳಿಸಿಟ್ಟು ಖಾತೆ ಹಂಚಿಕೊಂಡರೆ ಉಳಿಯುವುದು ಸುಳ್ಳು ದಿನಚರಿ.

ಹಾಗಿದ್ದರೂ ಜನ ಯಾಕೆ ಹಂಚಿಕೊಳ್ಳುತ್ತಾರೆ?

ಇದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ಹೊಸ ಸಿಬ್ಬಂದಿ ಸೋಮವಾರ ಕೆಲಸಕ್ಕೆ ಸೇರುತ್ತಾರೆ. ಅವರ ಖಾತೆಗೆ ಅರ್ಜಿ ಮೇಲಿನ ಕಚೇರಿಗೆ ಹೋಗಬೇಕು, ಅಲ್ಲಿಂದ ಅನುಮೋದನೆ ಬರಬೇಕು. ಕೌಂಟರ್ ಮುಂದೆ ಜನ ನಿಂತಿರುತ್ತಾರೆ. ಸ್ಕಾಲರ್‌ಶಿಪ್‌ಗೆ ಕೊನೆಯ ದಿನ, ಆದಾಯ ಪ್ರಮಾಣ ಪತ್ರ ಇವತ್ತೇ ಬೇಕು. ಆಗ ಪಕ್ಕದವರ ಲಾಗಿನ್ ಕೈಗೆ ಬರುತ್ತದೆ. ಖಾತೆ ತೆರೆಯುವುದು ತಡವಾದಷ್ಟೂ ಹಂಚಿಕೊಳ್ಳುವುದು ಹೆಚ್ಚು. ಆದ್ದರಿಂದ 'ಪಾಸ್‌ವರ್ಡ್ ಹಂಚಬೇಡಿ' ಎಂದು ಸುತ್ತೋಲೆ ಕಳಿಸಿದರೆ ಸಾಲದು. ಕೆಲಸಕ್ಕೆ ಸೇರಿದ ದಿನವೇ ಖಾತೆ ಸಿಗುವಂತೆ ಮಾಡಬೇಕು. ರಜೆಯಲ್ಲಿ ಹೋಗುವವರ ಕೆಲಸವನ್ನು ಬೇರೆಯವರಿಗೆ ಅವರದೇ ಖಾತೆಯಲ್ಲಿ ವಹಿಸುವ ಅನುಕೂಲ ತಂತ್ರಾಂಶದಲ್ಲೇ ಇರಬೇಕು.

ಹಾಗೆಂದು ಯಾರು ಬೇಕಾದರೂ ಖಾತೆ ತೆರೆಯುವಂತೆಯೂ ಇರಬಾರದು. ಕೇಳುವವರು ಒಬ್ಬರು, ಒಪ್ಪುವವರು ಒಬ್ಬರು, ತೆರೆಯುವವರು ಇನ್ನೊಬ್ಬರು ಎಂಬುದು ಒಳ್ಳೆಯ ಕ್ರಮ. ಒಬ್ಬರೇ ಮೂರೂ ಮಾಡಿದರೆ ಇಲ್ಲದ ವ್ಯಕ್ತಿಯ ಹೆಸರಿನಲ್ಲಿ ಖಾತೆ ಹುಟ್ಟಬಹುದು. ಇನ್ನೊಂದು ನಿಯಮ, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡುವುದು. ಜೆರೋಮ್ ಸಾಲ್ಟ್ಜರ್ ಮತ್ತು ಮೈಕಲ್ ಶ್ರೋಡರ್ 1975ರಲ್ಲೇ ಇದನ್ನು ಸ್ಪಷ್ಟವಾಗಿ ಬರೆದರು. ಅರ್ಜಿ ದಾಖಲಿಸುವವರಿಗೆ ದಾಖಲಿಸುವ ಅನುಮತಿ ಸಾಕು, ಮಂಜೂರು ಮಾಡುವ ಅನುಮತಿ ಬೇಡ. ಹೊಸಬರಿಗೆ 'ಯಾವುದಕ್ಕೂ ಇರಲಿ' ಎಂದು ಅಡ್ಮಿನ್ ಅಧಿಕಾರ ಕೊಡುವುದು ಊರಿಗೆ ಬಂದ ನೆಂಟರ ಕೈಗೆ ತೂಬಿನ ಕೀಲಿ ಕೊಟ್ಟಂತೆ.

ತಪ್ಪು ತಿಳಿವಳಿಕೆ 4: ಕೆಲಸ ಬಿಟ್ಟವರ ಖಾತೆ ಇದ್ದರೂ ನಷ್ಟವಿಲ್ಲ

ನಷ್ಟವಿದೆ, ಅದೂ ದೊಡ್ಡದು. 2021ರ ಮೇನಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ಇಂಧನ ಸಾಗಣೆ ಕಂಪನಿಯ ಮೇಲೆ ಸೈಬರ್ ದಾಳಿ ನಡೆಯಿತು. ಪೈಪ್‌ಲೈನ್ ಹಲವು ದಿನ ನಿಂತು ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಬೆಳೆಯಿತು. ಕಂಪನಿ ದಾಳಿಕೋರರಿಗೆ 75 ಬಿಟ್‌ಕಾಯಿನ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಕಳ್ಳರು ಒಳಗೆ ಬಂದದ್ದು ಬಳಕೆಯಲ್ಲಿಲ್ಲದೆ, ಆದರೆ ಮುಚ್ಚದೆ ಬಿಟ್ಟಿದ್ದ ಒಂದು ಹಳೆಯ ಲಾಗಿನ್ ಮೂಲಕ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಓಟಿಪಿಯಂಥ ಎರಡನೆಯ ಬೀಗ ಇರಲಿಲ್ಲ.

ಹಾಗಾದರೆ ಕೂಡಲೇ ಡಿಲೀಟ್ ಮಾಡಿಬಿಡಬೇಕೇ? ಇಲ್ಲೊಂದು ಎಚ್ಚರಿಕೆ ಬೇಕು. ಲಿನಕ್ಸ್‌ನಲ್ಲಿ ಫೈಲಿನ ಮಾಲೀಕತ್ವ ಬರೆದಿರುವುದು ಹೆಸರಿನಲ್ಲಲ್ಲ, ಸಂಖ್ಯೆಯಲ್ಲಿ ಎಂದೆವಲ್ಲ. 1005 ಸಂಖ್ಯೆಯವರ ಖಾತೆ ಅಳಿಸಿ ಅವರ ಫೈಲುಗಳನ್ನು ಹಾಗೇ ಬಿಟ್ಟರೆ, ಮುಂದೆ ಬರುವ ಹೊಸಬರಿಗೆ ಅದೇ 1005 ಸಿಗಬಹುದು. ಆಗ ಹಳಬರ ಫೈಲುಗಳು ತಾವಾಗಿಯೇ ಹೊಸಬರ ಆಸ್ತಿಯಾಗುತ್ತವೆ. ಹಳಬರ ಪಹಣಿ ಸಂಖ್ಯೆಯನ್ನೇ ಹೊಸಬರಿಗೆ ಕೊಟ್ಟಂತೆ. ವಿಂಡೋಸ್‌ನಲ್ಲಿ ಪ್ರತಿ ಖಾತೆಗೂ ಕೊಡುವ ಉದ್ದನೆಯ ಗುರುತನ್ನು ಮತ್ತೆ ಬೇರೆಯವರಿಗೆ ಕೊಡುವುದಿಲ್ಲ. ಅಲ್ಲಿ ಅದೇ ಹೆಸರಿನಲ್ಲಿ ಮತ್ತೆ ಖಾತೆ ತೆರೆದರೂ ಅದು ಹೊಸ ವ್ಯಕ್ತಿಯೇ.

ಆದ್ದರಿಂದ ಅನುಭವಿ ಅಡ್ಮಿನ್‌ಗಳು ಮೊದಲು ಖಾತೆಗೆ ಬೀಗ ಹಾಕುತ್ತಾರೆ, ಫೈಲುಗಳನ್ನು ಸಂಬಂಧಪಟ್ಟವರಿಗೆ ವಹಿಸುತ್ತಾರೆ, ಆಮೇಲೆ ಅಳಿಸುವ ಮಾತು. ವರ್ಗಾವಣೆ ಆದೇಶದ ದಿನವೇ ಹಳೆಯ ಜಾಗದ ಖಾತೆ ಮುಚ್ಚುವುದು ಸರಿಯಾದ ಪದ್ಧತಿ.

ತಪ್ಪು ತಿಳಿವಳಿಕೆ 5: ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿದರೆ ಸುರಕ್ಷಿತ

ಈ ಸಲಹೆ ಹಳೆಯದಾಯಿತು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸೋರಿಕೆಯ ಸುಳಿವಿಲ್ಲದೆ ಕಾಲಕಾಲಕ್ಕೆ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಬೇಡಿ ಎಂದಿತು. ಕಾರಣ ಸರಳ. ಪದೇ ಪದೇ ಬದಲಿಸು ಎಂದರೆ ಜನ ಕೊನೆಯ ಅಂಕಿಯನ್ನಷ್ಟೇ 1ರಿಂದ 2ಕ್ಕೆ ಬದಲಿಸುತ್ತಾರೆ ಅಥವಾ ಚೀಟಿ ಬರೆದು ಅಂಟಿಸುತ್ತಾರೆ. ಉದ್ದನೆಯ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಮತ್ತು ಅದರ ಜೊತೆ ಎರಡನೆಯ ಬೀಗ ಇದ್ದರೆ ಅದು ಹೆಚ್ಚು ಗಟ್ಟಿ. ಸೋರಿದೆ ಎಂಬ ಅನುಮಾನ ಬಂದರೆ, ಅಥವಾ ಈಗಾಗಲೇ ಯಾರಿಗಾದರೂ ಹೇಳಿದ್ದರೆ, ಇವತ್ತೇ ಬದಲಿಸಿ.

ತಪ್ಪು ತಿಳಿವಳಿಕೆ 6: ನನ್ನ ಫೋನ್ ನನ್ನೊಬ್ಬನದೇ, ಅದರಲ್ಲಿ ಬೇರೆ ಬಳಕೆದಾರರಿಲ್ಲ

ಇದು ಹಲವರಿಗೆ ಅಚ್ಚರಿ ಎನಿಸಬಹುದು. ನಿಮ್ಮ ಆಂಡ್ರಾಯ್ಡ್ ಫೋನ್ ಕೂಡ ಬಹುಬಳಕೆದಾರ ವ್ಯವಸ್ಥೆಯೇ. ಆಂಡ್ರಾಯ್ಡ್ ನಿಂತಿರುವುದು ಲಿನಕ್ಸ್ ಮೇಲೆ. ಅದು ಪ್ರತಿ ಆ್ಯಪ್‌ ಅನ್ನೂ ಒಬ್ಬ ಬೇರೆ ಬಳಕೆದಾರನಂತೆ ನೋಡುತ್ತದೆ. ನೀವು ಹೊಸ ಆ್ಯಪ್ ಹಾಕಿದ ಕ್ಷಣ ಅದಕ್ಕೊಂದು ಹೊಸ ಸಂಖ್ಯೆ ಸಿಗುತ್ತದೆ, ಸಾಮಾನ್ಯವಾಗಿ 10000ದ ಮೇಲಿನದು. ಅದಕ್ಕೊಂದು ಸ್ವಂತ ಜಾಗವೂ ಸಿಗುತ್ತದೆ. ಆದ್ದರಿಂದಲೇ ಒಂದು ಆಟದ ಆ್ಯಪ್ ನಿಮ್ಮ ಬ್ಯಾಂಕ್ ಆ್ಯಪ್‌ನ ಫೈಲು ಓದಲಾರದು.

ಆ ಗೋಡೆಗೆ ಬಾಗಿಲು ತೆರೆಯುವವರು ನಾವು. 'ಎಸ್‌ಎಂಎಸ್ ಓದಲು ಅನುಮತಿ', 'ಆ್ಯಕ್ಸೆಸಿಬಿಲಿಟಿ ಅನುಮತಿ' ಎಂದು ಕೇಳಿದಾಗ ಸರಿ ಎಂದು ಒತ್ತುವುದು, ಹೊಸಬರಿಗೆ ಹೆಚ್ಚಿನ ಅಧಿಕಾರ ಕೊಟ್ಟಂತೆಯೇ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಬ್ಯಾಂಕ್ ಕೆವೈಸಿ, ಟ್ರಾಫಿಕ್ ದಂಡ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲುಗಳು ಕೇಳುವುದೂ ಈ ಅನುಮತಿಗಳನ್ನೇ. ಒಮ್ಮೆ ಎಸ್‌ಎಂಎಸ್ ಓದುವ ಅಧಿಕಾರ ಸಿಕ್ಕರೆ ಓಟಿಪಿ ಅವರ ಕೈ ಸೇರುತ್ತದೆ. ವಾಟ್ಸ್‌ಆ್ಯಪ್‌ನ 'ಲಿಂಕ್ಡ್ ಡಿವೈಸಸ್' ಕೂಡ ಇದೇ ಸಾಲಿನದು. ಯಾರದೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ನಿಮ್ಮ ಖಾತೆಗೆ ಇನ್ನೊಂದು ಸಾಧನ ಸೇರಿಕೊಳ್ಳಬಹುದು. ಆ ಪಟ್ಟಿಯನ್ನು ಆಗಾಗ ತೆರೆದು ನೋಡಿ, ಗೊತ್ತಿಲ್ಲದ ಸಾಧನ ಇದ್ದರೆ ಲಾಗ್‌ಔಟ್ ಮಾಡಿ.

ಮನೆಯ ಒಂದೇ ಫೋನನ್ನು ಮಕ್ಕಳು ಓದಿಗೆ, ದೊಡ್ಡವರು ಹಣಕ್ಕೆ ಬಳಸುವುದು ನಮ್ಮಲ್ಲಿ ಸಾಮಾನ್ಯ. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದ ಫೋನ್‌ಗಳಲ್ಲೂ ಬೇರೆ ಬೇರೆ ಬಳಕೆದಾರರನ್ನು ಸೇರಿಸುವ ಮತ್ತು 'ಗೆಸ್ಟ್' ಆಗಿ ಬಳಸುವ ಸೌಲಭ್ಯವಿದೆ. ಸೆಟ್ಟಿಂಗ್ಸ್‌ನಲ್ಲಿ 'ಯೂಸರ್ಸ್' ಎಂದು ಹುಡುಕಿ ನೋಡಿ. ಕೆಲವು ಕಂಪನಿಗಳ ಫೋನ್‌ಗಳಲ್ಲಿ ಇದು ಇರುವುದಿಲ್ಲ, ಐಫೋನ್‌ನಲ್ಲೂ ಇಲ್ಲ. ಹಾಗಿದ್ದಾಗ ಹಣದ ಆ್ಯಪ್‌ಗಳಿಗಾದರೂ ಬೇರೆ ಪಿನ್ ಇರಲಿ.

ವಯಸ್ಸಾದ ತಂದೆತಾಯಿಗೆ ನಮ್ಮ ಖಾತೆಯಿಂದ ಹಣ ಕಟ್ಟಲು ಅನುಕೂಲ ಮಾಡಬೇಕೇ? ಅದಕ್ಕೆ ಯುಪಿಐ ಪಿನ್ ಹೇಳಬೇಕಾಗಿಲ್ಲ. ಎನ್‌ಪಿಸಿಐ 2024ರಲ್ಲಿ ತಂದ 'ಯುಪಿಐ ಸರ್ಕಲ್'ನಲ್ಲಿ ಖಾತೆದಾರರು 5 ಮಂದಿಯವರೆಗೆ ಎರಡನೆಯ ಬಳಕೆದಾರರನ್ನು ಸೇರಿಸಬಹುದು. ಪೂರ್ಣ ಅಧಿಕಾರ ಕೊಟ್ಟರೆ ಒಂದು ಸಲಕ್ಕೆ 5,000, ತಿಂಗಳಿಗೆ 15,000 ರೂಪಾಯಿ ಮಿತಿ ಎಂದು ಆರಂಭದಲ್ಲಿ ನಿಗದಿಯಾಯಿತು. ಅರೆ ಅಧಿಕಾರ ಕೊಟ್ಟರೆ ಪ್ರತಿ ಪಾವತಿಗೂ ಖಾತೆದಾರರೇ ಒಪ್ಪಿಗೆ ಕೊಡಬೇಕು. ಕೀಲಿಯ ನಕಲು ಮಾಡಿ ಹಂಚದೆ, ಪ್ರತಿಯೊಬ್ಬರಿಗೂ ಅವರವರ ಮಿತಿಯ ಬೇರೆ ಕೀಲಿ ಕೊಡುವುದು ಎಂದರೆ ಇದೇ.

ಸೈಬರ್ ಸೆಂಟರ್‌ನಲ್ಲಿ ಖಾತೆ ತೆರೆಸುವಾಗ

ಸರ್ಕಾರಿ ಜಾಲತಾಣಗಳಲ್ಲಿ ನಾವೂ ಬಳಕೆದಾರರೇ. ಅರ್ಜಿ ಹಾಕಲು ಖಾತೆ ತೆರೆಯಬೇಕು, ಅದಕ್ಕೆ ಮೊಬೈಲ್ ನಂಬರ್ ಬೇಕು. ಎಷ್ಟೋ ಜನರ ಖಾತೆಗಳಿಗೆ ಅಂಗಡಿಯವರು ತಮ್ಮದೇ ನಂಬರ್, ತಮ್ಮದೇ ಇಮೇಲ್ ಹಾಕಿಬಿಡುತ್ತಾರೆ. ಓಟಿಪಿಗೆ ಕಾಯುವ ಸಮಯ ಉಳಿಯುತ್ತದೆ ಎಂಬುದು ಅವರ ಕಾರಣ, ಹೆಚ್ಚಿನ ಸಲ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಆ ಖಾತೆಯ ನಿಜವಾದ ಮಾಲೀಕ ಓಟಿಪಿ ಯಾರಿಗೆ ಬರುತ್ತದೋ ಅವರೇ. ಮುಂದೆ ಸ್ಥಿತಿ ನೋಡಲು, ತಪ್ಪು ತಿದ್ದಲು, ಪಾಸ್‌ವರ್ಡ್ ಬದಲಿಸಲು ಮತ್ತೆ ಅದೇ ಅಂಗಡಿಗೆ ಹೋಗಬೇಕು. ಅಂಗಡಿ ಮುಚ್ಚಿದರೆ ಖಾತೆಯೂ ಕೈತಪ್ಪಿದಂತೆ.

ಹಾಗಾದರೆ ನಾವು ಏನು ಮಾಡಬೇಕು?

ಅರ್ಜಿದಾರರಾಗಿದ್ದರೆ: ಖಾತೆಗೆ ನಿಮ್ಮ ಅಥವಾ ಮನೆಯವರ ನಂಬರನ್ನೇ ಹಾಕಿಸಿ. ಯೂಸರ್ ಐಡಿ ಬರೆದುಕೊಳ್ಳಿ, ಪಾಸ್‌ವರ್ಡನ್ನು ನೀವೇ ಟೈಪ್ ಮಾಡಿ. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿಸಿ, ಬ್ರೌಸರ್ 'ಪಾಸ್‌ವರ್ಡ್ ಉಳಿಸಲೇ?' ಎಂದರೆ ಬೇಡ ಎನ್ನಿ. ಜಮೀನು ಇರುವವರು ಸರ್ವೆ ನಂಬರ್ ಹಾಕಿ ಪಹಣಿ ಮತ್ತು ಮ್ಯುಟೇಶನ್ ಸ್ಥಿತಿಯನ್ನು ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ನೋಡಿ. ಬದಲಾವಣೆ ಬೇಗ ಗೊತ್ತಾದಷ್ಟೂ ಲಾಗ್‌ನಲ್ಲಿ ಪುರಾವೆ ಸಿಗುವ ಸಾಧ್ಯತೆ ಹೆಚ್ಚು.

ಸಿಬ್ಬಂದಿಯಾಗಿದ್ದರೆ: ಕುರ್ಚಿಯಿಂದ ಎದ್ದಾಗ ಪರದೆಗೆ ಬೀಗ ಹಾಕಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ ಮತ್ತು 'ಎಲ್' ಒಟ್ಟಿಗೆ ಒತ್ತಿದರೆ ಸಾಕು. ಡಾಂಗಲ್ ಜೇಬಿಗೆ ಹಾಕಿಕೊಳ್ಳಿ. ಮೇಲಿನವರು ನಿಮ್ಮ ಪಾಸ್‌ವರ್ಡ್ ಕೇಳಿದರೆ ಲಿಖಿತವಾಗಿ ಕೇಳಲು ವಿನಂತಿಸಿ. ಖಾತೆ ಸಿಗುವುದು ತಡವಾದರೆ ಅದನ್ನೂ ಲಿಖಿತವಾಗಿ ತಿಳಿಸಿ.

ಅಡ್ಮಿನ್ ಆಗಿದ್ದರೆ: ತಿಂಗಳಿಗೊಮ್ಮೆ ಖಾತೆಗಳ ಪಟ್ಟಿಯನ್ನೂ ಹಾಜರಾತಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪುಸ್ತಕದಲ್ಲಿ ಇಲ್ಲದ ಹೆಸರು ಪಟ್ಟಿಯಲ್ಲಿದ್ದರೆ ಬೀಗ ಹಾಕಿ. 'ಆಫೀಸ್', 'ಕೌಂಟರ್ 1' ಎಂಬಂಥ ಯಾರದೂ ಅಲ್ಲದ ಖಾತೆಗಳಿದ್ದರೆ ಅವುಗಳ ಬದಲು ವ್ಯಕ್ತಿಗಳ ಹೆಸರಿನ ಖಾತೆ ತೆರೆಯಿರಿ.

ಒಟ್ಟಾರೆ ಹೇಳುವುದಾದರೆ, ಹೊಸ ಖಾತೆ ತೆರೆಯಲು ಕಂಪ್ಯೂಟರ್‌ಗೆ ಬೇಕಾಗುವುದು ಕೆಲವು ಸೆಕೆಂಡು. ತಡವಾಗುವುದು ನಮ್ಮ ಕಾಗದಪತ್ರಗಳಲ್ಲಿ. ಆ ತಡವನ್ನು ತಪ್ಪಿಸಿಕೊಳ್ಳಲು ಹಂಚಿಕೊಂಡ ಒಂದು ಪಾಸ್‌ವರ್ಡ್ ಮುಂದೆ ಒಬ್ಬರ ಜಮೀನಿನ ಪ್ರಶ್ನೆಯಾಗಬಹುದು, ಇನ್ನೊಬ್ಬರ ನೌಕರಿಯ ಪ್ರಶ್ನೆಯಾಗಬಹುದು. ನಿಮ್ಮ ಕಚೇರಿಯ ಅಥವಾ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಇದನ್ನು ಕಳಿಸುವಿರಾದರೆ, ಕಳಿಸುವ ಮುನ್ನ ಮಾನಿಟರ್ ಕೆಳಗಿನ ಚೀಟಿಯನ್ನು ತೆಗೆದುಬಿಡಿ.